ಒಂದೇ ಒಂದು ಚಮಚ

"ಸಾಯೋದೇನು ಬಂತು, ಇಷ್ಟು ದಿನ ತಿಂತಾನೇ ಇದಾನಲ್ಲ!" ಎಂದು ಅತ್ತಿಗೆ ನಕ್ಕಳು.

ಅವನ ಕೈಯಲ್ಲಿದ್ದ ಚಮಚ ಬಾಯಿಯ ಹತ್ತಿರ ನಿಂತುಬಿಟ್ಟಿತು. ಸೂಪನ್ನು ಎರಡನೆಯ ಸಲ ಬಡಿಸಿಕೊಂಡಿದ್ದ. ಹಬೆಗೆ ಕನ್ನಡಕ ಮಸುಕಾಗಿತ್ತು.

ಕೆಣಕಿದ್ದು ಪಕ್ಕದ ಮನೆಯ ಮ್ಯಾನೇಜರು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಬೀದಿಗೆಲ್ಲ ಅವರು ಮ್ಯಾನೇಜರೇ. ಅಣ್ಣನ ಮನೆಯ ಭಾನುವಾರದ ಊಟಕ್ಕೆ ಆಗಾಗ ಬಂದು, ಮೇಜಿನ ತುದಿಯಲ್ಲಿ ಕೂತು, ಎಲ್ಲರ ವಿಚಾರಣೆ ಮಾಡುತ್ತಿದ್ದರು. ಇವತ್ತು ಬ್ರೆಡ್ಡಿನ ಬುಟ್ಟಿಯನ್ನು ಅವನ ಕಡೆ ತಳ್ಳಿ, "ಒಂದು ತುಂಡು ತಿಂದ್ರೆ ಸತ್ತೇ ಹೋಗ್ತೀರೇನ್ರೀ ಇಂಜಿನಿಯರೇ?" ಎಂದಿದ್ದರು. ಅದಕ್ಕೆ ಅತ್ತಿಗೆ ಕೊಟ್ಟ ಉತ್ತರ ಅದು.

"ಏನು ತಿಂತಾ ಇದೀನಿ?" ಎಂದು ಅವನು ಕೇಳಿದ.

"ಹಿಟ್ಟು ಕಣೋ. ಗೋಧಿ ಹಿಟ್ಟು. ಹಿಟ್ಟಿಲ್ದೆ ಸೂಪು ಇಷ್ಟು ಗಟ್ಟಿಯಾಗುತ್ತಾ? ಒಂದೇ ಒಂದು ಚಮಚ ಹಾಕ್ತೀನಿ, ಅಷ್ಟೇ."

"ಯಾವತ್ತಿಂದ?"

"ಮೊದಲಿಂದಾನೂ." ಅತ್ತಿಗೆ ಮ್ಯಾನೇಜರ ಕಡೆ ತಿರುಗಿದಳು. ತಿಂಗಳುಗಟ್ಟಲೆ ತಡೆದಿಟ್ಟುಕೊಂಡ ಒಳ್ಳೆಯ ಸುದ್ದಿಯನ್ನು ಹೇಳುವವರ ಮುಖ ಅವಳದಾಗಿತ್ತು. "ಮೂರು ವರ್ಷ ಸಾರ್, ಪ್ರತಿ ಭಾನುವಾರ. ಏನಾದ್ರೂ ಆಯ್ತಾ ಇವನಿಗೆ? ಏನೂ ಆಗಲ್ಲ. ಎಲ್ಲ ಮನಸ್ಸು."

ಮ್ಯಾನೇಜರು ಮೇಜು ತಟ್ಟಿದರು. "ಹೊಟ್ಟೆಗೆ ಹಿಟ್ಟಿಲ್ಲ ಅಂತ ಗೋಳಾಡೋರನ್ನ ನೋಡಿದೀನಿ ಕಣಮ್ಮಾ, ಹಿಟ್ಟಿದೆ ಅಂತ ಗೋಳಾಡೋರನ್ನ ಇಲ್ಲೇ ನೋಡಿದ್ದು!" ಅಣ್ಣ ನಗು ತಡೆಯಲಾರದೆ ಕೆಮ್ಮಿದ. ಅವನೂ ನಕ್ಕ. ಅದೇ ಅವನಿಗೆ ಆಮೇಲೆ ಸಹಿಸಲಾಗದ್ದು. ಮುಖ ತಾನಾಗಿಯೇ ನಕ್ಕುಬಿಟ್ಟಿತ್ತು.

ಒಲೆಯ ಪಕ್ಕದಲ್ಲಿ ನೀಲಿ ಮುಚ್ಚಳದ ಪುಟ್ಟ ಪಾತ್ರೆ ಇತ್ತು. ಅವನ ಪಾತ್ರೆ. "ಇದು ನಿಂದು, ಇದಕ್ಕೆ ಬೇರೆ ಯಾರ ಸೌಟೂ ಬೀಳಲ್ಲ," ಎಂದು ಮೊದಲ ಭಾನುವಾರ ಅತ್ತಿಗೆ ಹೇಳಿದಾಗ ಅವನು ಬಟ್ಟಲು ಬರಿದಾಗುವವರೆಗೆ ಉಂಡಿದ್ದ. ಸೌಟು ಬಿದ್ದಿರಲಿಲ್ಲ, ನಿಜ.

"ಅವಳನ್ನ ಯಾಕೋ ಹಾಗೆ ನೋಡ್ತೀಯ?" ಎಂದಳು ಅಮ್ಮ. "ನಾನೇ ಹೇಳಿದ್ದು, ಸ್ವಲ್ಪ ಹಾಕು ಅಂತ. ಬಡಕಲಾಗಿ ಹೋಗಿದೀಯ. ಮೈಗೆ ಹಿಡೀಲಿ ಅಂತ."

"ನಿಂಗೂ ಗೊತ್ತಿತ್ತಾ?"

"ತಿನ್ನೋ ಮಗಾ. ಆರಿ ಹೋಗುತ್ತೆ."

ಅವನು ಚಮಚವನ್ನು ಬಟ್ಟಲಿನ ಪಕ್ಕಕ್ಕಿಟ್ಟ. ಸದ್ದಾಗದಂತೆ ಇಟ್ಟ. ಹಾಗಿಡುವ ಸೌಜನ್ಯ ಆಗಲೂ ಉಳಿದಿತ್ತಲ್ಲ ಎಂದು ತನ್ನ ಮೇಲೇ ಉರಿದುಹೋಯಿತು.

ಸೀಲಿಯಾಕ್ ಎಂದು ಡಾಕ್ಟರು ಹೆಸರು ಹೇಳಿದ ದಿನ ಅವನಿಗೆ ಸಮಾಧಾನವೇ ಆಗಿತ್ತು. ಹೊಟ್ಟೆನೋವಿಗೆ, ಸುಸ್ತಿಗೆ, ಬಾಯಿಹುಣ್ಣಿಗೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು. ಗೋಧಿ ಕರುಳಿಗೆ ಆಗದ ಕಾಯಿಲೆ, ಗೋಧಿ ಬಿಟ್ಟರೆ ಸರಿ. ಬಿಟ್ಟ. ಬಿಟ್ಟರೂ ಪರೀಕ್ಷೆಯಲ್ಲಿ ಅದೇ ಫಲಿತಾಂಶ. "ಕರುಳಿನ ಒಳಗೋಡೆ ಹಾಗೇ ಸವೆದಿದೆ. ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾನೇ ಇದೆ. ಹುಡುಕಿ," ಎಂದಿದ್ದರು ಡಾಕ್ಟರು.

ಹುಡುಕಿದ. ಮರದ ಸೌಟುಗಳನ್ನೆಲ್ಲ ಎಸೆದ. ಟೂತ್‌ಪೇಸ್ಟು ಬದಲಿಸಿದ. ಲಕೋಟೆಯ ಅಂಟು ನೆಕ್ಕುವುದನ್ನು ಬಿಟ್ಟು ನೀರು ಹಚ್ಚತೊಡಗಿದ. ಹೋಟೆಲು ಬಿಟ್ಟ, ಮದುವೆ ಮನೆಗಳನ್ನು ಬಿಟ್ಟ, ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ಡಬ್ಬಿ ಬಿಚ್ಚುವ ಮೇಜನ್ನೂ ಬಿಟ್ಟ. ಭಾನುವಾರ ಸಂಜೆ ಹೊಟ್ಟೆ ಹಿಂಡುತ್ತಿತ್ತು, ಸೋಮವಾರ ರಜೆ. "ಸೋಮವಾರದ ಸಾಹೇಬರು" ಎಂದು ಆಫೀಸಿನಲ್ಲಿ ಹೆಸರು ಬಿತ್ತು. ಅವನು ಮಾತ್ರ ಭಾನುವಾರ ರಾತ್ರಿ ತನ್ನ ಕೈಯಾರೆ ಬೇಯಿಸಿದ ಅನ್ನವನ್ನೇ ಅನುಮಾನಿಸುತ್ತ ಕೂತ.

ಆಫೀಸಿನ ನಕ್ಷೆ ವಿಭಾಗದವಳು ಒಮ್ಮೆ ಮನೆಗೆ ಊಟಕ್ಕೆ ಕರೆದಿದ್ದಳು. ಅವನಿಗಾಗಿ ಹೊಸ ಪಾತ್ರೆ ಕೊಂಡಿದ್ದಳು. ಪಾತ್ರೆ ಹೊಸದೇನಾ ಎಂದು ಕೇಳಿದ. ಸೌಟು? ಒರೆಸಿದ ಬಟ್ಟೆ? ಮಸಾಲೆ ಪುಡಿ ಎಲ್ಲಿಯದು? ಅವಳು ಪಾತ್ರೆಯ ಮುಚ್ಚಳ ಮುಚ್ಚಿ, "ನಿಮಗೆ ಊಟ ಬೇಡ, ತನಿಖೆ ಬೇಕು," ಎಂದಳು. ಮತ್ತೆ ಕರೆಯಲಿಲ್ಲ. ಈಗ ಆಫೀಸಿನ ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ಸರಿದು ದಾರಿ ಬಿಡುತ್ತಾಳೆ.

ಜಗತ್ತಿನಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಅವನು ಉಂಡದ್ದು ಈ ಮೇಜಿನಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ತಾನೆ. ಅದೂ ಮೇಯ್ದ ಮೇಲೆ ಬೇಲಿ ಎಷ್ಟು ಸಂತೋಷದಿಂದ ನಿಂತಿದೆ ನೋಡಿ! ಕೇಕಿಗೆ ಕೆನೆ ಹಚ್ಚುತ್ತಿದೆ.

"ಊಟ ಆಯ್ತಲ್ಲ, ಅಮ್ಮನ ಕೋಣೆ ಗೋಡೆ ನೋಡಿಬಿಡು," ಎಂದ ಅಣ್ಣ. "ನಾಳೆ ಮೇಸ್ತ್ರಿ ಬರ್ತಾನೆ. ನೀನು ಹೂಂ ಅಂದ್ರೆ ಮೇಲೊಂದು ಕೋಣೆ ಎಬ್ಬಿಸೋದೇ. ಊಹೂಂ ಅಂದ್ರೆ ಬೇಡಪ್ಪ, ನಿನ್ನ ಮಾತೇ ಕೊನೆ." ಹಾಗೆಂದು ಮೇಲೆ ಕಟ್ಟಬೇಕಾದ ಜಾಗ ತೋರಿಸಲು ಮ್ಯಾನೇಜರನ್ನು ಕರೆದುಕೊಂಡು ತಾರಸಿಗೆ ಹೋದ.

ನಿನ್ನ ಮಾತೇ ಕೊನೆ. ಗೋಧಿಯ ವಿಷಯದಲ್ಲಿ ಅವನ ಮಾತು ಎಷ್ಟನೆಯದಾಗಿತ್ತೋ.

ಬಿರುಕು ಬಿಟ್ಟ ಕಟ್ಟಡಗಳನ್ನು ನೋಡಿ ಹೇಳುವುದು ಅವನ ಕೆಲಸ. ಜನ ಅವನನ್ನು ಕರೆಸುತ್ತಾರೆ, ಅವನು ಗೋಡೆಯ ಎದುರು ಸುಮ್ಮನೆ ನಿಲ್ಲುತ್ತಾನೆ, ಹಿಂದೆ ಮನೆಯವರು ಉಸಿರು ಹಿಡಿದು ನಿಲ್ಲುತ್ತಾರೆ. ಅವನನ್ನು ಯಾರಾದರೂ ನಂಬುವುದು ಆಗ ಮಾತ್ರ. ಅಮ್ಮನ ಕೋಣೆಯ ಗೋಡೆಯಲ್ಲಿ ಬಿರುಕು ಕಂಡಾಗ ಅವನೇ ಬಂದು ಅದರ ಅಡ್ಡಕ್ಕೆ ತೆಳ್ಳಗಿನ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಕೂರಿಸಿದ್ದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಬಿರುಕು ಹಳೆಯದು, ನಿಂತಿದೆ ಎಂದರ್ಥ. ಗಾರೆ ಹಸಿ ಇದ್ದಾಗ ಅದರ ಮೇಲೆ ಮೊಳೆಯಿಂದ ತಾರೀಕು ಗೀಚಿದ್ದ. ಇದನ್ನೆಲ್ಲ ಅಣ್ಣನಿಗೆ ವಿವರಿಸಿದ್ದ. ಅತ್ತಿಗೆ ಆಗ ಅಡುಗೆಮನೆಯಲ್ಲಿದ್ದಳು.

ಅಮ್ಮ ಆಗಲೇ ಬಂದು ಮಂಚದ ಮೇಲೆ ಕೂತಿದ್ದಳು. ಮಂಚ ಗೋಡೆಗೇ ಅಂಟಿಕೊಂಡಿತ್ತು. ಅವನು ಬಗ್ಗಿ ನೋಡಿದ.

ಗಾಜು ಇಡಿಯಾಗಿತ್ತು. ಹೊಳೆಯುತ್ತಿತ್ತು. ತಾರೀಕು ಇರಲಿಲ್ಲ. ಗಾರೆಯೂ ಇರಲಿಲ್ಲ. ಎರಡು ತುದಿಗೂ ಮೆತ್ತನೆಯ ರಬ್ಬರಿನಂಥ ಅಂಟು ಹಚ್ಚಿ, ಚೆನ್ನಾಗಿ ಒರೆಸಿಟ್ಟಿದ್ದರು.

"ಅತ್ತಿಗೆ, ಈ ಗಾಜು?"

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಅಯ್ಯೋ ಅದಾ! ನಿಂದು ಒಡೆದುಹೋಗಿತ್ತು ಕಣೋ. ಅತ್ತೆ ಮಲಗೋ ಜಾಗ, ಕೈಗೆ ಚುಚ್ಚಿದ್ರೆ? ಫೋಟೋಗೆ ಕಟ್ಟು ಹಾಕೋನ ಹತ್ರ ಅದೇ ಅಳತೆಗೆ ಕತ್ತರಿಸಿ ತಂದು ಅಂಟಿಸಿದೆ."

"ಯಾವಾಗ?"

"ಯಾವ ಸಲದ್ದು? ಮೊದಲನೇದು ನೀನು ಹಾಕಿ ಹೋದ ಸ್ವಲ್ಪ ದಿನಕ್ಕೇ ಹೋಯ್ತು. ಆಮೇಲೆ ನಾನು ಹಾಕಿದ್ದೂ ಒಡೀತು. ಗಾಜು ಸರಿ ಇರ್ಲಿಲ್ಲ ಅನ್ಸುತ್ತೆ. ಇದು ಒಳ್ಳೇ ಅಂಟು, ಒಡೆದೇ ಇಲ್ಲ ನೋಡು."

"ಅಣ್ಣಂಗೆ ಗೊತ್ತಾ?"

"ಗಾಜಿನ ಚೂರಿನ ವಿಷಯಾನೂ ಅವರಿಗೆ ಹೇಳ್ಬೇಕಾ? ಅಷ್ಟು ಮಾತ್ರ ಮನೇನ ನಾನು ನೋಡ್ಕೊಳ್ಳಲ್ವಾ?"

ಅವನು ಬಿರುಕಿನ ಮೇಲೆ ಉಗುರಾಡಿಸಿದ. ಹೋದ ಸಲ ಉಗುರು ಸಿಕ್ಕಿಕೊಂಡಿದ್ದ ಕಡೆ ಈಗ ಬೆರಳ ತುದಿಯೇ ಇಳಿಯಿತು. ಗೋಡೆ ಇನ್ನೂ ಸರಿಯುತ್ತಿದೆ, ಮೆತ್ತನೆಯ ಅಂಟು ಜೊತೆಗೇ ಹಿಗ್ಗುವುದರಿಂದ ಗಾಜು ಒಡೆದಿಲ್ಲ. ಮೇಲೊಂದು ಕೋಣೆ ಕೂತರೆ ಕುಸಿಯುತ್ತದೆ, ಯಾವತ್ತು ಎನ್ನುವುದೊಂದೇ ಪ್ರಶ್ನೆ. ಹೇಳಬೇಕಾದ ಮಾತು ಅವನಿಗೆ ಬಾಯಿಪಾಠ. ಊರಿನ ಎಷ್ಟೋ ಅಪರಿಚಿತರಿಗೆ ಹೇಳಿದ್ದಾನೆ: ಮೇಲೆ ಏನೂ ಕಟ್ಟಬೇಡಿ, ಈ ಕೋಣೆಯಿಂದ ಮಂಚ ಇವತ್ತೇ ತೆಗೆಸಿ. ಬಾಯಿ ತೆರೆದ.

ಆಗ ಹೊಕ್ಕುಳ ಕೆಳಗೆ ಮೊದಲ ಹಿಂಡು ಎದ್ದಿತು. ಪರಿಚಿತವಾದದ್ದೇ. ಬಟ್ಟೆ ಹಿಂಡುವವರು ಎರಡು ತುದಿ ಹಿಡಿದು ತಿರುಚಿದ ಹಾಗೆ. ಅವನು ಮಂಚದ ಕಾಲನ್ನು ಹಿಡಿದುಕೊಂಡ.

ಅತ್ತಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಅಕ್ಕರೆಯಿಂದ, ನಿಜವಾದ ಅಕ್ಕರೆಯಿಂದ, ಅವನ ಬೆನ್ನು ತಟ್ಟಿದಳು.

"ನೋಡಿದ್ಯಾ? ಹೇಳಿದ್ದೇ ತಡ, ನೋವು ಶುರುವಾಯ್ತು! ಹೇಳ್ದೇ ಇದ್ದಿದ್ರೆ ಬರ್ತಿತ್ತಾ? ಎಲ್ಲ ಮನಸ್ಸು ಕಣೋ. ನಾಳೆ ರಜಾ ಗಿಜಾ ಹಾಕ್ಬೇಡ, ಎದ್ದು ಆಫೀಸಿಗೆ ಹೋಗು. ಏನೂ ಆಗಲ್ಲ."

ಅವನು ನೆಟ್ಟಗೆ ನಿಂತ. ಮೂರು ವರ್ಷದ ಸೋಮವಾರಗಳೆಲ್ಲ ಒಟ್ಟಿಗೆ ನೆನಪಾದವು. ಮುಚ್ಚಳ ಮುಚ್ಚಿದವಳ ಕೈ ಕಣ್ಣಿಗೆ ಕಟ್ಟಿತು. ಕೂಗಬೇಕೆನ್ನಿಸಿತು, ಆ ನೀಲಿ ಮುಚ್ಚಳದ ಪಾತ್ರೆಯನ್ನು ತಂದು ಇವಳ ಕಾಲ ಬಳಿ ಬೋರಲು ಹಾಕಬೇಕೆನ್ನಿಸಿತು. ಕೂಗಿದರೆ ಏನಾಗುತ್ತದೆ? ಇವನಿಗೆ ಮನಸ್ಸಿನ ಕಾಯಿಲೆಯೇ ಎಂದು ಖಾತ್ರಿಯಾಗುತ್ತದೆ, ಅಷ್ಟೇ.

"ಹೌದು ಅತ್ತಿಗೆ," ಎಂದ. "ಎಲ್ಲ ಮನಸ್ಸು."

ಅತ್ತಿಗೆ ಕೇಕು ತರಲು ಅಡುಗೆಮನೆಗೆ ಹೋದಳು. ಅಣ್ಣ, ಮ್ಯಾನೇಜರು ತಾರಸಿಯಿಂದ ಇಳಿದು ಬಂದರು. ಅಣ್ಣನ ಚಪ್ಪಲಿಯ ಸದ್ದಿನಲ್ಲೇ ಅವಸರವಿತ್ತು. "ಏನಂತೀಯೋ? ಗಾಜು ಒಡೆದಿದೆಯಾ?"

ಅವನು ಗಾಜಿನ ಕಡೆ ಕೈ ತೋರಿಸಿದ. "ನೀನೇ ನೋಡು."

"ಒಡೆದಿಲ್ಲ!" ಅಣ್ಣ ಮಗುವಿನ ಹಾಗೆ ತಿರುಗಿದ. "ಒಡೆದಿಲ್ಲ ಅಂದ್ರೆ ಗೋಡೆ ನಿಂತಿದೆ ಅಂತ ತಾನೆ? ನೀನೇ ಹೇಳಿದ್ದೆಯಲ್ಲ? ಕಟ್ಟಬಹುದಾ?"

ಹಿಂದೆ ನಿಂತವರು ಉಸಿರು ಹಿಡಿದಿದ್ದರು. ಮ್ಯಾನೇಜರು ಸಹ. ಎಂಥ ಗೌರವ! ಹೊಟ್ಟೆಯೊಳಗೆ ಎರಡನೆಯ ಹಿಂಡು ಮೆಲ್ಲಗೆ ಎದ್ದು ಬರುತ್ತಿತ್ತು. ಅದು ತುದಿ ಮುಟ್ಟಿ ಇಳಿಯುವವರೆಗೂ ಅವನು ಕಾದ.

"ಏನೂ ಆಗಲ್ಲ," ಎಂದ.

ಅತ್ತಿಗೆಯ ದನಿಯಲ್ಲೇ ಬಂತು ಅದು, ಅವಳ ಎಳೆತದ ಸಮೇತ. ಯಾರಿಗೂ ಗೊತ್ತಾಗಲಿಲ್ಲ. ಅವನಿಗೆ ಖುಷಿಯಾಯಿತು. ಆಗಬಾರದಿತ್ತು, ಆಯಿತು. ಎಷ್ಟೋ ಕಾಲದಿಂದ ಹೊಟ್ಟೆ ತುಂಬ ಉಂಡಿರದವನು ಉಂಡೆದ್ದಷ್ಟು ಖುಷಿಯಾಯಿತು. ಉಪ್ಪು ತಿಂದವರು ನೀರು ಕುಡಿಯಲಿ. ಹಿಟ್ಟು ತಿನ್ನಿಸಿದವರು ಏನು ಕುಡಿಯುತ್ತಾರೋ ಕುಡಿಯಲಿ.

ಅಣ್ಣ ಅವನನ್ನು ತಬ್ಬಿಕೊಂಡ. ಮ್ಯಾನೇಜರು ಕೈ ಕುಲುಕಿದರು. ಅತ್ತಿಗೆ ಕೇಕಿನ ತಟ್ಟೆಯನ್ನು ಅಲ್ಲಿಗೇ ತಂದಳು, ಎಲ್ಲರೂ ಅಮ್ಮನ ಮಂಚದ ಸುತ್ತ ನಿಂತುಕೊಂಡೇ ತಿಂದರು. ಅವನ ಕೈಗೂ ಒಂದು ತುಂಡು ಬಂತು. ಈ ಸಲ ಯಾರೂ ಏನೂ ಕೇಳಲಿಲ್ಲ, ಅವನನ್ನು ಹೊರಗಿಟ್ಟು ಒಬ್ಬರೂ ನಗಲಿಲ್ಲ. ಮೊದಲ ಬಾರಿಗೆ ಅವನು ಆ ಮನೆಯವರಲ್ಲಿ ಒಬ್ಬನಾಗಿದ್ದ. ಕೇಕು ಅಂಗೈಯ ಬೆವರಿಗೆ ಮೆತ್ತಗಾಗುತ್ತಿತ್ತು.

ಅಮ್ಮ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು. "ನಿಜ ಹೇಳೋ. ನಂಗೆ ರಾತ್ರಿ ಒಳಗೆ ಏನೋ ಚಟಚಟ ಅನ್ನೋ ಹಾಗಿರುತ್ತೆ. ಇವರ್ಯಾರೂ ನಂಬಲ್ಲ, ವಯಸ್ಸಾಯ್ತು ಅಂತಾರೆ. ಗೋಡೆ ಗಟ್ಟಿ ಇದೆಯಾ?"

ಇವರ್ಯಾರೂ ನಂಬಲ್ಲ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು, ಮಂಚ ಇವತ್ತೇ ತೆಗೆಸಿ ಎನ್ನುವಷ್ಟು ಚಿಕ್ಕ ಮಾತು. ಅತ್ತಿಗೆ ಅಷ್ಟರಲ್ಲಿ ನಕ್ಕಳು. "ಅತ್ತೆ, ನಿಮಗೂ ಶುರುವಾಯ್ತಾ? ತಾಯಿಯಂತೆ ಮಗ!"

ಎಲ್ಲರೂ ನಕ್ಕರು. ಅಮ್ಮ ಅವನೊಬ್ಬನ ಉತ್ತರಕ್ಕಾಗಿ ಕಾದಳು.

"ಗಟ್ಟಿ ಇದೆ ಅಮ್ಮ," ಎಂದ.

"ನೀನು ಹೇಳಿದ್ಮೇಲೆ ಸರಿ ಬಿಡು." ಅಮ್ಮ ನಿರಾಳವಾಗಿ ಹಿಂದೆ ಸರಿದು, ಗೋಡೆಗೆ ಪೂರ್ತಿ ಬೆನ್ನು ಕೊಟ್ಟು, ಕೇಕಿನ ತುಂಡನ್ನು ಬಾಯಿಗಿಟ್ಟಳು.

ಬಿರುಕಿನಿಂದ ಬೆಳ್ಳಗಿನ ಪುಡಿ ಉದುರಿತು. ಸದ್ದಿಲ್ಲದೆ, ಅವಳ ಹೆಗಲ ಮೇಲೆ, ಕೂದಲ ಮೇಲೆ, ಸ್ವಲ್ಪ ತಟ್ಟೆಯ ಕೆನೆಯ ಮೇಲೆ. ಗಾಜು ಅಂಟಿನ ಮೇಲೆ ಹಿತವಾಗಿ ಒಂದಿಷ್ಟು ಜಾರಿ, ಒಡೆಯದೆ ನಿಂತಿತು.

"ಅಯ್ಯೋ, ಹಿಟ್ಟು!" ಎಂದಳು ಅತ್ತಿಗೆ. "ಬೆಳಿಗ್ಗೆ ಕಲೆಸ್ತಾ ಇದ್ದೆ, ಎಲ್ಲಾ ಕಡೆ ಹಾರಿದೆ ನೋಡಿ." ಸೆರಗಿನಿಂದ ಅತ್ತೆಯ ಹೆಗಲು ಕೊಡವಿದಳು.

ಕೊಡವಿದಷ್ಟೂ ಮತ್ತೆ ಬೀಳುತ್ತಿತ್ತು. ಅವನು ಹೊಟ್ಟೆ ಒತ್ತಿಹಿಡಿದು, ಬಾಯಿ ಅರ್ಧ ತೆರೆದು, ಅದು ಬೀಳುವುದನ್ನು ನೋಡುತ್ತ ನಿಂತ. ಹೆಚ್ಚೇನಿರಲಿಲ್ಲ. ಒಂದು ಚಮಚದಷ್ಟು ಇದ್ದೀತು.