ತುತ್ತು ಬಾಯಲ್ಲಿರುವಾಗ

ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಬಿದ್ದಿದ್ದ ಗುಂಡುಸೂಜಿಗಳನ್ನೆಲ್ಲ ಅಯಸ್ಕಾಂತದಿಂದ ಎತ್ತಿ, ಮೂರು ತಟ್ಟೆ ಇಟ್ಟೆ. ಇಡುವಾಗಲೇ ಬಾಗಿಲ ಕಡೆ ಹೆದರಿ ಹೆದರಿ ನೋಡುತ್ತಿದ್ದೆ. ಬರುವವರೇನು ಹುಲಿ ಕರಡಿಗಳಲ್ಲ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿಯರು. ಒಬ್ಬಳು ನರ್ಸು, ಇನ್ನೊಬ್ಬಳು ಬಸ್ ಕಂಡಕ್ಟರು.

ಕಳೆದ ಸಲ ಇದೇ ಮೇಜಿನಲ್ಲಿ ಉಣ್ಣುವಾಗ ಕಂಡಕ್ಟರು ಏನೋ ಹೇಳಿದಳು, ನಾನು ನಕ್ಕೆ, ಕ್ಯಾರೆಟ್ ಚೂರೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ನರ್ಸು ಬೆನ್ನಿಗೆ ಗುದ್ದಿ ಗುದ್ದಿ ಹೊರಗೆ ಹಾಕಿಸದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಂದಿನಿಂದ ಗಂಜಿ ಬಿಟ್ಟು ಬೇರೇನೂ ಒಳಗೆ ಇಳಿದಿರಲಿಲ್ಲ. ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದವಳು ಅದನ್ನೂ ಬಿಟ್ಟಿದ್ದೆ. ನನ್ನ ಬಟ್ಟೆಗಳನ್ನು ನಾನೇ ಎರಡೆರಡು ಸಲ ಬಿಗಿ ಮಾಡಿ ಹೊಲಿದುಕೊಂಡಿದ್ದೆ. ಡಾಕ್ಟರು ನಳಿಕೆ ಇಳಿಸಿ ನೋಡಿ, "ಗಂಟಲಲ್ಲಿ ಏನೂ ಇಲ್ಲಮ್ಮ, ಭಯ ಅಷ್ಟೇ" ಎಂದರು. ಅಷ್ಟೇ ಅಂತೆ! ಅವರ ಗಂಟಲೇನು ಹೋಗಬೇಕು?

ಇವತ್ತು ಈ ಗೆಳತಿಯರೆದುರು ಒಂದು ತುತ್ತು ಅನ್ನ ನುಂಗಲೇಬೇಕು. ಆಗದಿದ್ದರೆ ಇನ್ನು ಯಾರ ಜೊತೆಗೂ ಊಟಕ್ಕೆ ಕೂರುವ ಧೈರ್ಯ ನನಗೆ ಬರುವುದಿಲ್ಲ.

ಇಬ್ಬರೂ ಬಂದರು. ನರ್ಸು ನನ್ನ ಪಕ್ಕವೇ ಕೂತಳು, ತಟ್ಟೆ ಮುಟ್ಟದೆ, ಎರಡೂ ಕೈ ಖಾಲಿ ಇಟ್ಟುಕೊಂಡು. ಗುದ್ದಲು ತಯಾರಾಗಿಯೇ ಬಂದಿದ್ದಾಳೆ ಎಂದು ಗೊತ್ತಾಯಿತು. ಮಾತಿಗೆ ನಿಂತರೆ ಇಡೀ ಬಸ್ಸನ್ನು ನಗಿಸುವ ಕಂಡಕ್ಟರು ತುಟಿ ಪಿಟಕ್ ಎನ್ನಲಿಲ್ಲ. ನನಗೆ ಭಯದ ಮೇಲೆ ಸಿಟ್ಟೂ ಬಂತು.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?"

"ನಗಿಸ್ಬೇಡಿ ಅಂತ ನಿಮ್ಮ ಯಜಮಾನ್ರು ಫೋನ್ ಮಾಡಿ ಹೇಳಿದಾರೆ," ಎಂದಳು ನರ್ಸು.

"ಅವರು ಹೇಳಿದ್ದಕ್ಕಲ್ಲ," ಎಂದಳು ಕಂಡಕ್ಟರು, ತಟ್ಟೆಯಿಂದ ತಲೆ ಎತ್ತದೆ. "ಅವತ್ತು ನಿನ್ನ ತುಟಿ ನೀಲಿ ಆಗಿತ್ತು ಕಣೇ. ಆಮೇಲೆ ಬಸ್ಸಲ್ಲೂ ನಾನು ಯಾರನ್ನೂ ನಗಿಸಿಲ್ಲ. ಟಿಕೆಟ್ ಟಿಕೆಟ್ ಅಂತೀನಿ, ಅಷ್ಟೇ."

"ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಬೇಕೇ? ಹೇಳು, ಏನಾದ್ರೂ ಹೇಳು," ಎಂದು ತುತ್ತು ಬಾಯಿಗಿಟ್ಟೆ. ಗಂಟಲು ಬಾಗಿಲು ಮುಚ್ಚಿಕೊಂಡಿತು. ಅಗಿದೆ, ಅಗಿದೆ, ಅನ್ನ ಅಲ್ಲೇ. ಉಗುಳಿಬಿಡಲೇ ಎನ್ನಿಸಿತು. ಆದರೂ 'ಹೇಳೇ' ಎಂದು ಕೈಸನ್ನೆ ಮಾಡಿದೆ.

ಕಂಡಕ್ಟರು ತಲೆ ಎತ್ತಿದಳು. "ಒಂದಿನ ಒಬ್ಬ ತಾತ ಜೋರಾಗಿ ಸೀನಿದ. ಅವನ ಹಲ್ಲಿನ ಸೆಟ್ಟು ಹಾರಿ ನನ್ನ ಚಿಲ್ಲರೆ ಚೀಲಕ್ಕೆ ಬಿತ್ತು. ನಾನು ನೋಡ್ಲೇ ಇಲ್ಲ. ಮುಂದಿನವನು ಚಿಲ್ಲರೆ ಕೊಡಿ ಅಂದ. ಕೈ ಹಾಕಿ, ಸಿಕ್ಕಿದ್ದನ್ನ ಅವನ ಅಂಗೈಗೆ ಇಟ್ಟೆ."

"ಅಯ್ಯೋ!" ಎಂದಳು ನರ್ಸು.

"ಅವನು ಅದನ್ನ ನೋಡಿ, 'ಅಮ್ಮಾ, ಚಿಲ್ಲರೆ ಇಲ್ಲ ಅಂದ್ರೆ ಇಲ್ಲ ಅನ್ನಿ, ಕಚ್ಚೋದ್ಯಾಕೆ' ಅಂದ."

ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ ಅನ್ನದ ಅಗುಳು ನೆತ್ತಿಗೇರಿ ಕೆಮ್ಮು ಹತ್ತಿತು. ಜೀವ ಬಾಯಿಗೆ ಬಂತು. ನರ್ಸು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಬೇಡ ಎಂದು ಕೈ ಅಡ್ಡ ಹಿಡಿದೆ. ಕೆಮ್ಮುವುದಕ್ಕೆ ಉಸಿರಿತ್ತು. ಉಸಿರಿದೆ ಎಂದು ಗೊತ್ತಾದ ಮೇಲೆ ಇನ್ನೂ ಎರಡು ಸಲ ಕೆಮ್ಮಿ, ಕಣ್ಣೊರೆಸಿಕೊಂಡೆ. ಬಾಯಿ ಖಾಲಿಯಾಗಿತ್ತು. ಅನ್ನ ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ.

"ತಾತನಿಗೆ ಹಲ್ಲು ವಾಪಸ್ ಕೊಟ್ಯಾ?" ಎಂದು ಕೇಳಿ ಇನ್ನೊಂದು ತುತ್ತು ಕಲಸಿದೆ.

ಯಾವಾಗಲೋ ಒಂದು ತುತ್ತು ಬಾಯಿಗಿಟ್ಟುಕೊಂಡಿದ್ದ ಕಂಡಕ್ಟರು, ನುಂಗಲಾರದೆ ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನು ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟೆ.

"ನಿಧಾನ ಕಣೇ, ನಾನಿದೀನಿ. ಮೊದಲು ನುಂಗು, ಆಮೇಲೆ ಅಳು."