ಕಿಟಕಿಗೆ ಕಟ್ಟಿದ ಕೆಂಪು ದಾರ

ಗಾಳಿ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ ಎಂದು ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಕಲಿಸಿದ ಮೇಷ್ಟ್ರೇ ಹೇಳಿದ್ದರು. ಕೋಲಿನ ತುದಿಗೆ ಕೆಂಪು ದಾರ ಕಟ್ಟಿಕೊಂಡು ಬಯಲಲ್ಲಿ ನಿಂತರೆ ಮುಗಿಯಿತು, ಯಾವ ಗೋಡೆ ಎಲ್ಲಿ ಬರಬೇಕೆಂದು ಅವಳಿಗೆ ಹೊಳೆದುಬಿಡುತ್ತಿತ್ತು. ಬಡವರ ಕಾಲೊನಿಗೆ ಸಮುದಾಯ ಭವನ ಬೇಕು, ಫ್ಯಾನಿಲ್ಲದೆ ತಂಪಾಗಿರಬೇಕು, ಕರೆಂಟ್ ಬಿಲ್ಲಿನ ತಂಟೆಯೇ ಇರಬಾರದು ಎಂದು ವಸತಿ ಮಂಡಳಿಯವರು ಹೊರಟಾಗ ಆ ಕೆಲಸ ಅವಳಿಗೇ ಬಂತು. ಅದು ಅವಳು ಬೆಳೆದ ಕಾಲೊನಿ. ತಾಯಿಯಿಲ್ಲದ ಅವಳನ್ನು ಸಾಕಿದ ದೊಡ್ಡಮ್ಮ ಇನ್ನೂ ಅಲ್ಲೇ, ನೆಲಮಹಡಿಯ ಒಂದೇ ಕೋಣೆಯ ಮನೆಯಲ್ಲಿ ತನ್ನ ದಮ್ಮಿನ ಜೊತೆ ಕಾಲ ಹಾಕುತ್ತಿದ್ದಳು.

ದಾರ ಹಿಡಿದು ಬಯಲಿಗೆ ಹೋದ ದಿನ ದೊಡ್ಡಮ್ಮನೂ ಬಂದಿದ್ದಳು. "ಅಲ್ಲಲ್ಲ ಪುಟ್ಟೀ, ಈ ಕಡೆ ಬಾ. ಗಾಳಿ ಬರೋದು ಇಲ್ಲಿಂದ" ಎಂದು ತೋಳು ಹಿಡಿದು ಎಳೆದು ನಿಲ್ಲಿಸಿದಳು. ದಾರ ನೆಟ್ಟಗೆ ಹಾರಿತು. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ನಕ್ಕರು. ಭವನ ಅಲ್ಲೇ ಎಂದು ಅವತ್ತೇ ತೀರ್ಮಾನವಾಯಿತು. ಗಾಳಿ ಎಲ್ಲಿಂದ ಬರುತ್ತದೆ ಎಂದು ಅಷ್ಟು ಮುತುವರ್ಜಿಯಿಂದ ನೋಡಿದವಳು, ಅದು ಎಲ್ಲಿಗೆ ಹೋಗುತ್ತಿತ್ತು ಎಂದು ತಿರುಗಿ ನೋಡಲಿಲ್ಲ.

ಈಗ ಗೋಡೆಗಳೆಲ್ಲ ಎದ್ದಿದ್ದವು. ನಾಳೆ ಬೆಳಿಗ್ಗೆ ಚಾವಣಿಯ ಮೋಲ್ಡ್ ಹಾಕುವುದಿತ್ತು. ಸಂತೋಷಕ್ಕೆ ನೆಲದ ಮೇಲೆ ಕಾಲು ನಿಲ್ಲದೆ, ಮಧ್ಯಾಹ್ನ ಊಟಕ್ಕೆಂದು ಅವಳು ದೊಡ್ಡಮ್ಮನ ಮನೆಗೆ ಹೋದಳು.

ಮಂಚ ಕಿಟಕಿಯ ಹತ್ತಿರ ಇರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ದೊಡ್ಡಮ್ಮ ಅದರ ಮೇಲೆ ಕೂತಿದ್ದಳು, ಕೈಯಲ್ಲಿ ಒಂದು ರಟ್ಟಿನ ಚೂರು.

"ಮಂಚ ಯಾಕೆ ಇಲ್ಲಿಗೆ ತಂದೆ?"

"ಹೋಗೋರು... ಬರೋರು... ಕಾಣ್ಲಿ ಅಂತ." ಅಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮನ ಎದೆಗೂಡು ಮೇಲೆ ಕೆಳಗೆ ಹೋಗಿಬಂತು.

ಅವಳು ಕಿಟಕಿಯಾಚೆ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಭವನದ ಹಿಂಗೋಡೆ ನಿಂತಿತ್ತು. ಚೀಲದಿಂದ ದಾರ ತೆಗೆದು ಕಿಟಕಿಯ ಸರಳಿಗೆ ಕಟ್ಟಿದಳು. ಅದು ಮೇಸ್ತ್ರಿಯ ತೂಗುಗುಂಡಿನ ಹಾಗೆ ಇಳಿಬಿದ್ದು ಸುಮ್ಮನಾಯಿತು.

"ಎಂದಿನಿಂದ ಹೀಗೆ?"

"ಗೋಡೆ ಕಿಟಕಿ ಮಟ್ಟಕ್ಕೆ ಬಂತಲ್ಲ, ಆಗಿನಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಮ್ಮ ಹುಡುಗಿ ಕಟ್ಟಿಸ್ತಿದಾಳೆ ಅಂತ ಮನೆಮನೆಗೂ ಸಾರಿದ ಬಾಯಿ ಇದು."

ತನ್ನ ರೂಮಿಗೆ ಕರೆದುಕೊಂಡು ಹೋಗೋಣವೆಂದರೆ ಅದು ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟಿಲ್ಲ. ದೊಡ್ಡಮ್ಮ ಹೊಸ್ತಿಲು ದಾಟಿದರೇ ಗೋಡೆ ಹಿಡಿಯುತ್ತಿದ್ದಳು. ಊಟ ಬಿಟ್ಟು ಅವಳು ಮೇಸ್ತ್ರಿಯ ಹತ್ತಿರ ಓಡಿದಳು.

"ಹಿಂಗೋಡೆ ಕೆಳಗಡೆ ಗಾಳಿಗೆ ದಾರಿ ಬಿಡಿಸಿ. ಈಗಲೇ."

"ಮೇಡಂ, ನಾಳೆ ಮೋಲ್ಡಿನ ಭಾರವೆಲ್ಲ ಇದ್ರ ಮೇಲೇ ಕೂರೋದು. ಇವತ್ತು ತೂತು ಕೊರೆದ್ರೆ ನಾಳೆ ಮೋಲ್ಡಿಲ್ಲ. ಪ್ಲಾನ್ ನಿಮ್ಮದೇ ಅಲ್ವಾ?"

ಹೌದು, ಅವಳದೇ. ಮಂಡಳಿಯ ಸಾಹೇಬರಿಗೆ ಫೋನ್ ಮಾಡಿದಳು. ಅವರು ಬೈಯಲೂ ಇಲ್ಲ. ಕೆಲಸ ನಿಂತರೆ ಈ ಭವನದ ದುಡ್ಡು ಇನ್ನೊಂದು ಕಾಲೊನಿಗೆ ಹೋಗುತ್ತದೆ, ಅಲ್ಲೂ ಜನ ಕಾಯುತ್ತಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟರು.

ಸುದ್ದಿ ಕಾಲೊನಿಗೆಲ್ಲ ಹಬ್ಬಿತು. ಮೊದಲು ಬಂದವನು ನೀರಿನ ಮಾವ. ಕಾಲೊನಿಯ ಪಂಪು ಅವನ ಕೈಯಲ್ಲಿತ್ತು, ಅದಕ್ಕೇ ಆ ಹೆಸರು. ಹಿಂದೊಮ್ಮೆ ದಮ್ಮು ಏರಿದಾಗ ದೊಡ್ಡಮ್ಮನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಅವನೇ.

"ಪುಟ್ಟೀ, ಮಕ್ಕಳು ಮೆಟ್ಟಿಲ ಮೇಲೆ ಕೂತು ಓದ್ತಾವೆ. ನನ್ನ ಮಗಳು ಹೊಲಿಗೆ ಮಿಷನ್ ಇಡೋಕೆ ಜಾಗ ಇಲ್ದೆ ಅದನ್ನ ಮಾರಿದ್ಲು. ಇಷ್ಟು ವರ್ಷ ಅಂಗಲಾಚಿದ ಮೇಲೆ ಒಂದು ಸೂರು ಬರ್ತಿದೆ. ನೀನೇ ಅಡ್ಡಗಾಲು ಹಾಕ್ತೀಯಾ?"

"ಮಾವ, ದೊಡ್ಡಮ್ಮಂಗೆ ಉಸಿರಾಡೋಕೆ ಆಗ್ತಿಲ್ಲ."

ಮಾವ ಹಾಗಾದರೆ ಒಡಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು ಪಂಪಿನ ಕಡೆ ಹೊರಟುಹೋದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

ಸಂಜೆ ಕೆಲಸದವರು ಹೋದ ಮೇಲೆ ಅವಳು ಉಳಿ ಸುತ್ತಿಗೆ ಎತ್ತಿಕೊಂಡಳು. ಗೋಡೆಯ ಬುಡದಲ್ಲಿ ಕೂತು ಹೊಡೆಯತೊಡಗಿದಳು. ಜನ ಬಾಲ್ಕನಿಗಳಲ್ಲಿ ನಿಂತು ನೋಡಿದರು. ಯಾರೂ ತಡೆಯಲಿಲ್ಲ, ಯಾರೂ ಕೈಜೋಡಿಸಲಿಲ್ಲ. ಅವಳನ್ನು ಎತ್ತಿ ಆಡಿಸಿದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೊದಲ ಇಟ್ಟಿಗೆ ಕಳಚಿ ಬಿತ್ತು. ನಾಳೆಯ ಮೋಲ್ಡು ಹೋಯಿತು, ಮಕ್ಕಳ ಓದಿನ ಜಾಗ ಹೋಯಿತು, ಇನ್ನು ಈ ಕಾಲೊನಿಯಲ್ಲಿ ಅವಳು ತಲೆ ಎತ್ತಿ ನಡೆಯುವ ಹಾಗಿಲ್ಲ. ಅಳುತ್ತಲೇ ಇನ್ನೊಂದಕ್ಕೆ ಹೊಡೆದಳು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಬೆಕ್ಕು ನುಗ್ಗುವಷ್ಟು ತೂತಾದಾಗ ಎದ್ದು ದೊಡ್ಡಮ್ಮನ ಮನೆಗೆ ಓಡಿದಳು. ದಾರ ಅಲ್ಲಾಡಿರಲಿಲ್ಲ. ತಿರುಗಿ ಬಂದು ಮತ್ತೆ ಹೊಡೆದಳು. ಮತ್ತೆ ಓಡಿದಳು.

ಈ ಸಲ ದೊಡ್ಡಮ್ಮ ಹೇಗೋ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಮಲಗಿದ್ದಳು. ಅವಳ ಕೈಯ ರಕ್ತ ನೋಡಿದಳು. ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

"ಬಂತು ಪುಟ್ಟೀ... ಬಂತು. ಎಷ್ಟು ತಂಪಾಗಿದೆ... ನೋಡು. ಇನ್ನು ಒಡೀಬೇಡ... ಕೈ ತೊಳ್ಕೊಂಡು ಬಾ."

ಕಿಟಕಿಯ ಸರಳಿನಲ್ಲಿ ದಾರ ಇದ್ದ ಹಾಗೇ ಇಳಿಬಿದ್ದಿತ್ತು.