ಪಟ್ಟಿಯ ಎಂಟನೆಯ ಹೆಸರು

ಮಧ್ಯಾಹ್ನದ ಊಟವಾದ ಮೇಲೆ ಆ ಹಾಸಿಗೆ ಕಾರ್ಖಾನೆಯೊಳಗೆ ಎಚ್ಚರವಾಗಿರುವುದು ಸುಲಭದ ಮಾತಲ್ಲ. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿಯುತ್ತದೆ. ಹಿಂಜಿದ ಹತ್ತಿಯ ಎಳೆಗಳು ಅದರೊಳಗೆ ಏರುತ್ತ ಇಳಿಯುತ್ತ, ಎಲ್ಲಿಗೂ ಹೋಗುವ ಅವಸರವಿಲ್ಲದಂತೆ ತೇಲುತ್ತವೆ. ಹಿಂಜುವ ಯಂತ್ರ ಒಂದೇ ರಾಗದಲ್ಲಿ ಗುಂಯ್‌ಗುಡುತ್ತದೆ. ಅದರ ಮುಂದೆ ನಿಂತ ಮುದುಕನ ತಲೆ, ಹುಬ್ಬು, ಕಿವಿಯ ಅಂಚು ಎಲ್ಲವೂ ಬಿಳಿ. ಅವನನ್ನು ಎಲ್ಲರೂ ಅರಳಜ್ಜ ಎನ್ನುತ್ತಿದ್ದರು. ಅವನ ಕೂದಲು ನರೆತದ್ದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲಿನಿಂದಲೂ ಅದು ಬೆಳ್ಳಗೇ ಇತ್ತು.

ಕಾರ್ಖಾನೆ ಅಕ್ಕ ಮತ್ತು ತಮ್ಮನದು. ಅಪ್ಪ ಬಿಟ್ಟುಹೋದದ್ದನ್ನು ಅಕ್ಕ ಹದಿನೆಂಟು ವರ್ಷದಿಂದ ನಡೆಸುತ್ತಿದ್ದಳು. ತಮ್ಮ ಮುಂದಿನ ಅಂಗಡಿ, ಹೊರಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಈಗಿರುವ ಕೆಲಸಗಾರರು ಆರು ಜನ. ಈ ವರ್ಷ ಒಳ್ಳೆಯ ಹೊಲಿಗೆಯವರಿಬ್ಬರು ಊರಾಚೆಯ ದೊಡ್ಡ ಕಾರ್ಖಾನೆಗೆ ಹೋಗಿಬಿಟ್ಟಿದ್ದರು. "ಅಲ್ಲಿ ಆಸ್ಪತ್ರೆ ಖರ್ಚು ಅವರೇ ನೋಡ್ಕೋತಾರಂತೆ ಅಕ್ಕ" ಎಂದು ಹೋಗುವಾಗ ಒಬ್ಬಳು ತಲೆ ತಗ್ಗಿಸಿ ಹೇಳಿದ್ದಳು. ಆ ಮಾತು ಅಕ್ಕನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಹಾಗಾಗಿಯೇ ಇವತ್ತು ವಿಮೆಯವರನ್ನು ಕರೆಸಿದ್ದು.

ವಿಮೆಯವರು ಸಣಕಲು ಮನುಷ್ಯ. ಸಣ್ಣಪುಟ್ಟ ಅಂಗಡಿ, ಕಾರ್ಖಾನೆಯವರಿಗೆ ಯಾವ ಆರೋಗ್ಯ ವಿಮೆ ಹೊಂದುತ್ತದೆ ಎಂದು ತಿಳಿಸಿಹೇಳಿ ಮಾಡಿಸಿಕೊಡುವುದು ಅವರ ಕೆಲಸ. ಹೊಸ ಹಾಸಿಗೆಯ ಮೇಲೆ ಕೂತು ಮಾತು ಶುರುಮಾಡಿದವರು ಎರಡನೆಯ ಮಾತಿಗೇ ತೂಕಡಿಸಿದರು.

"ಇಲ್ಲಿ ಕೂತ್ರೆ ಪೊಲೀಸ್ನೋರಿಗೂ ನಿದ್ದೆ ಬರುತ್ತೆ, ಬಿಡಿ" ಎಂದು ಅರಳಜ್ಜ ನಕ್ಕ. ವಿಮೆಯವರು ನಾಚಿ ಎದ್ದು, ಅಕ್ಕ ತಮ್ಮಂದಿರ ಜೊತೆ ಅಂಗಡಿಯ ಮರದ ಬೆಂಚಿಗೆ ಬಂದು ಕೂತರು. ಅಂಗಡಿಗೂ ಕಾರ್ಖಾನೆಗೂ ನಡುವೆ ಒಂದು ಪರದೆ ಮಾತ್ರ.

"ಎರಡು ಥರ ಇದೆ" ಎಂದರು. "ಮೊದಲನೇದು ಅಗ್ಗ. ಆಸ್ಪತ್ರೇಲಿ ಒಳ್ಳೇ ಕೋಣೆ ಕೊಡ್ತಾರೆ. ಆದ್ರೆ ಈಗಾಗ್ಲೇ ಇರೋ ಕಾಯಿಲೆಗೆ ಮೂರು ವರ್ಷ ಏನೂ ಸಿಗಲ್ಲ. ಎರಡನೇದು ಸ್ವಲ್ಪ ಜಾಸ್ತಿ. ಸಾಧಾರಣ ವಾರ್ಡು. ಆದ್ರೆ ಹಳೇ ಕಾಯಿಲೆಗೂ ಮೊದಲ ದಿನದಿಂದ್ಲೇ ಸಿಗುತ್ತೆ. ಪಟ್ಟೀಲಿ ಕನಿಷ್ಠ ಏಳು ಜನ ಇರಬೇಕು, ಅಷ್ಟೇ."

"ನಾವಿಬ್ರೂ ಸೇರಿ ಎಂಟು" ಎಂದಳು ಅಕ್ಕ.

ತಮ್ಮ ದನಿ ತಗ್ಗಿಸಿದ. "ಏಳು ಸಾಕಲ್ಲ? ಅಜ್ಜನ ವಯಸ್ಸಿಗೇ ಕಂತು ಏರುತ್ತೆ. ಇನ್ನೊಂದೆರಡು ವರ್ಷಕ್ಕೆ ಮನೇಲಿ ಕೂರೋ ಜೀವ. ಅವರನ್ನ ಬಿಟ್ಟುಬಿಡೋಣ."

ವಿಮೆಯವರು ಒಂದು ಖಾಲಿ ಹಾಳೆ ಅಕ್ಕನ ಮುಂದಿಟ್ಟರು. "ಮೊದಲು ಹೆಸರು, ವಯಸ್ಸು, ಮನೇಲಿ ಯಾರ್‍ಯಾರಿದ್ದಾರೆ, ಏನೇನು ಕಾಯಿಲೆ, ಇಷ್ಟು ಬರೀರಿ. ನಿಮಗೆ ಎಲ್ಲಾ ಗೊತ್ತಿರುತ್ತೆ."

ತಮ್ಮಿಬ್ಬರದೂ ಸೇರಿ ಏಳು ಹೆಸರು ಅಕ್ಕ ಸರಸರನೆ ಬರೆದಳು, ಎಂಟನೆಯ ಸಾಲು ಖಾಲಿ ಉಳಿಯಿತು. ಪೆನ್ನು ಅಲ್ಲಿಗೇ ನಿಂತಿತು. 'ನಮ್ಮದೆಲ್ಲಾ ಒಂದೇ ಮನೆ ಇದ್ದ ಹಾಗೆ' ಎಂದು ಬಂದವರಿಗೆಲ್ಲ ಹೇಳುತ್ತಿದ್ದವಳು ಅವಳೇ. ಆದರೆ ಅಂಚು ಹೊಲಿಯುವವಳಿಗೆ ಮಕ್ಕಳೆಷ್ಟು? ದಿಂಬು ತುಂಬುವವನ ಹೆಂಡತಿ ಇದ್ದಾಳೋ ಇಲ್ಲವೋ? ಪರದೆ ಸರಿಸಿ ಒಳಗೆ ನೋಡಿದಳು. ತೇಲುವ ಹತ್ತಿಯ ಮಬ್ಬಿನಲ್ಲಿ ಆರು ಆಕಾರಗಳು ಬಾಗುತ್ತಿದ್ದವು, ಏಳುತ್ತಿದ್ದವು. ಇಷ್ಟು ವರ್ಷವೂ ಇವರನ್ನು ಈ ಮಬ್ಬಿನ ಮೂಲಕವೇ ನೋಡಿದ್ದೆನೇ ಎನ್ನಿಸಿ ಅವಳಿಗೆ ಒಂದು ಕ್ಷಣ ತಾನು ಎಲ್ಲಿದ್ದೇನೆಂಬುದೇ ಮರೆತಂತಾಯಿತು.

ಹಾಳೆ ಹಿಡಿದು ಒಬ್ಬೊಬ್ಬರ ಪಕ್ಕ ಹೋಗಿ ಕೂತಳು.

ದಿಂಬು ತುಂಬುವವನು ತನ್ನ ವಯಸ್ಸಿಗೆ ತಲೆ ಕೆರೆದುಕೊಂಡ. "ಹೊಳೆ ಮೇಲೆ ದೊಡ್ಡ ಸೇತುವೆ ಆಯ್ತಲ್ಲ, ಅವತ್ತು ನಮ್ಮಮ್ಮ ನನ್ನ ಕಂಕುಳಲ್ಲಿ ಎತ್ಕೊಂಡು ನೋಡೋಕೆ ಹೋಗಿದ್ಳಂತೆ. ಲೆಕ್ಕ ಹಾಕ್ಕೊಳ್ಳಿ ಅಕ್ಕ." ಹೆಂಡತಿಗೆ ಸಕ್ಕರೆ ಕಾಯಿಲೆಯೆಂದೂ, ಕಾಲಿನ ಗಾಯ ಮಾಯುತ್ತಿಲ್ಲವೆಂದೂ ಹೇಳಿದ. ಅಂಚು ಹೊಲಿಯುವವಳು ಅಮ್ಮ ಅಥವಾ ಅತ್ತೆ, ಇಬ್ಬರಲ್ಲಿ ಒಬ್ಬರ ಹೆಸರು ಮಾತ್ರ ತನ್ನ ವಿಮೆಗೆ ಸೇರಿಸಬಹುದೆಂದು ಕೇಳಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಅತ್ತೆ ಹೆಸರು ಬರೀರಿ" ಎಂದಳು ಕೊನೆಗೆ. "ದಿನಾ ಜಗಳ ಆಡೋಕೆ ಒಬ್ರು ಬೇಕಲ್ಲ ಅಕ್ಕ. ಅಮ್ಮಂಗೆ ಅಣ್ಣ ಇದ್ದಾನೆ." ನಗಲು ಹೋದವಳ ಕಣ್ಣು ತುಂಬಿತ್ತು.

ಕೊನೆಗೆ ಅಕ್ಕ ಯಂತ್ರದ ಬಳಿ ಬಂದಳು. ಅರಳಜ್ಜ ತಿರುಗಿಯೂ ನೋಡಲಿಲ್ಲ.

"ನಂದು ಬೇಡ ಕಣವ್ವಾ" ಎಂದ, ಯಂತ್ರದ ಸದ್ದಿನ ಮೇಲೆ ದನಿಯೆತ್ತಿ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಬೇರೆ ಯಾರಿಗಾದ್ರೂ ಆಗಲಿ."

ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರದ ರಾಗ ಇಳಿಯುತ್ತ ಇಳಿಯುತ್ತ ನಿಂತಿತು. ಬಿಸಿಲುಕೋಲಿನಲ್ಲಿ ಎಳೆಗಳು ತೇಲುತ್ತಲೇ ಇದ್ದವು. ಆ ಮೌನದಲ್ಲಿ ಒಂದು ಸದ್ದು ಮಾತ್ರ ಉಳಿಯಿತು. ಆಳದ ಬಾವಿಯಿಂದ ಕೊಡ ಎಳೆದಂತೆ ಎದೆಯ ತಳದಿಂದ ಬರುವ ಕೆಮ್ಮು. ಅಜ್ಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೆಮ್ಮು ನಿಲ್ಲಲಿಲ್ಲ. ಯಂತ್ರ ಓಡುವಾಗ ಮಾತ್ರ ಕೆಮ್ಮುವುದನ್ನು ಅವನು ರೂಢಿ ಮಾಡಿಕೊಂಡಿದ್ದನೆಂಬುದು ಅಕ್ಕನಿಗೆ ಆಗ ತಿಳಿಯಿತು.

"ಎಷ್ಟು ದಿನದಿಂದ ಅಜ್ಜ?"

"ಮೂರು ವರ್ಷ ಆಯ್ತೇನೋ." ಅವನು ನೆಲ ನೋಡಿದ. "ಗೊತ್ತಾದ್ರೆ ಮನೇಗೆ ಹೋಗು ಅಂತೀಯ. ಮಗಳು ಮದುವೆಯಾಗಿ ದೂರದೂರಿಗೆ ಹೋದ್ಲು. ಮನೇಲಿ ಗೋಡೆ ಬಿಟ್ರೆ ಯಾರಿದ್ದಾರೆ ನಂಗೆ?"

ಅಕ್ಕ ಅಂಗಡಿಗೆ ಬಂದಳು. ತಮ್ಮನೂ ಕೆಮ್ಮು ಕೇಳಿಸಿಕೊಂಡಿದ್ದ. "ನಾನೇನು ಕಲ್ಲು ಮನಸ್ಸಿನವನಲ್ಲ ಅಕ್ಕ" ಎಂದ. "ಆದ್ರೆ ಹೊರಗಡೆ ಅಲೆಯೋನು ನಾನು. ಈಗ ಎಲ್ಲರೂ ಸ್ಪಂಜಿನ ಹಾಸಿಗೆ ಕೇಳ್ತಾರೆ. ನಾಳೆ ನಾವೇ ಬಾಗಿಲು ಹಾಕಿದ್ರೆ ಯಾರಿಗೆ ವಿಮೆ, ಯಾರಿಗೆ ಸಂಬಳ? ಸೇರಿಸ್ಲೇಬೇಕು ಅಂದ್ರೆ ಅಗ್ಗದ್ದು ಮಾಡ್ಸೋಣ, ಕೆಮ್ಮಿನ ವಿಷಯ ಬರೆಯೋದು ಬೇಡ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಕ ವಿಮೆಯವರ ಮುಖ ನೋಡಿದಳು.

"ನಾನು ಇಪ್ಪತ್ತು ವರ್ಷ ಆಸ್ಪತ್ರೇಲಿ ದುಡ್ಡು ಕಟ್ಟೋ ಕಿಟಕಿಯೊಳಗೆ ಕೂತಿದ್ದವನು" ಎಂದರು ಅವರು. "ಹೊರಗಡೆಯಿಂದ ಜನ ವಿಮೆ ಕಾಗದ ತಳ್ಳೋರು. ಒಳ್ಳೇ ಕೋಣೆ ಅಂತ ಬರೆದಿರೋದು. ಕೆಳಗಡೆ ಸಣ್ಣ ಅಕ್ಷರದಲ್ಲಿ ಈ ಕಾಯಿಲೆಗಿಲ್ಲ ಅಂತ ಇರೋದು. ಕಾಯಿಲೆ ಮುಚ್ಚಿಟ್ಟಿದ್ರಂತೂ ಇರೋದೂ ಹೋಗೋದು. ಅದನ್ನ ಬಾಯ್ಬಿಟ್ಟು ಹೇಳೋ ಕೆಲಸ ನಂದು. ಹೇಳಿ ಹೇಳಿ ಸಾಕಾಗಿ ಈಚೆಗೆ ಬಂದೆ." ಮತ್ತೆ ಸೇರಿಸಿದರು: "ನೀವು ಯಾವುದನ್ನ ಮಾಡಿಸಿದ್ರೂ ನಾನು ಕಾಗದ ತಂದುಕೊಡ್ತೀನಿ. ಆದ್ರೆ ತಿಳ್ಕೊಂಡು ಮಾಡ್ಸಿ."

ಅಕ್ಕ ಎಂಟನೆಯ ಸಾಲಿನಲ್ಲಿ ಅಜ್ಜನ ಹೆಸರು, ವಯಸ್ಸು ಬರೆದಳು. ಕಾಯಿಲೆಯ ಜಾಗದಲ್ಲಿ 'ಮೂರು ವರ್ಷದಿಂದ ಕೆಮ್ಮು' ಎಂದು ದುಂಡಗೆ ಬರೆದಳು. "ಎರಡನೇದೇ ಇರಲಿ" ಎಂದಳು. ತಮ್ಮ ಎದ್ದು ಹೊರಗೆ ಹೋದ.

ಮರುವಾರ ಅಜ್ಜನನ್ನು ಯಂತ್ರದಿಂದ ಬಿಡಿಸಿ ಅಂಗಡಿಯಲ್ಲಿ ಕೂರಿಸಿದಾಗ ಅವನು ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ ಗಿರಾಕಿಯೊಬ್ಬಳ ಬೆನ್ನು ನೋಡಿಯೇ, "ನಿಮಗೆ ಮೆತ್ತಗಿರೋದು ಆಗಲ್ಲ ತಾಯಿ" ಎಂದು ಬೇರೆ ಹಾಸಿಗೆ ತೋರಿಸಿದ. ಆಮೇಲೆ ಜನ ಅವನನ್ನೇ ಕೇಳಿಕೊಂಡು ಬರತೊಡಗಿದರು. ಯಂತ್ರಕ್ಕೆ ನಿಂತ ಹೊಸಬನಿಗೆ ಅಕ್ಕ ಮೊದಲ ದಿನವೇ ಮೂಗು ಬಾಯಿ ಮುಚ್ಚುವ ಮುಸುಕು ತರಿಸಿದಳು.

ಎದೆಯೊಳಗೆ ಕೂತದ್ದು ಮಾತ್ರ ಅಷ್ಟು ಬೇಗ ಬಿಡುವಂಥದಾಗಿರಲಿಲ್ಲ. ವಿಮೆಯಾಗಿ ಎರಡು ತಿಂಗಳಿಗೆ, ಒಂದು ಬೆಳಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಅಜ್ಜ ಉಸಿರು ಸಿಗದೆ ಕುಸಿದ. ಅಕ್ಕ ಇನ್ನೂ ಬಂದಿರಲಿಲ್ಲ. ತಮ್ಮ ಅವನನ್ನು ಎತ್ತಿಕೊಂಡ. ಹತ್ತಿಯ ಮೂಟೆಗಿಂತ ಹಗುರವಾಗಿದ್ದ ಆ ದೇಹ ಅವನನ್ನು ಹೆದರಿಸಿತು.

ಆಸ್ಪತ್ರೆಯವರು ಅಜ್ಜನ ವಿಮೆಯ ಕಾರ್ಡು ನೋಡಿ, ಏನೂ ಕೇಳದೆ ಒಳಗೆ ಕರೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. ವಾರ್ಡಿನಲ್ಲಿ ಎಂಟು ಮಂಚ, ಎತ್ತರದ ಕಿಟಕಿಗಳು. ತಿಳಿಹಸಿರು ಪರದೆಗಳು ಗಾಳಿಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿದ್ದವು, ಕೋಣೆಯೇ ಉಸಿರಾಡುತ್ತಿರುವಂತೆ. ಅಜ್ಜ ಕಣ್ಣು ಬಿಟ್ಟ.

"ನೀನ್ಯಾಕೆ ಇಲ್ಲಿ ಕೂತಿದ್ದೀಯ? ಅಂಗಡಿ ಯಾರು ನೋಡ್ಕೋತಾರೆ?"

"ಅಕ್ಕ ಇದ್ದಾಳೆ. ನಿಮ್ಮ ಮಗಳಿಗೂ ಹೇಳಿ ಕಳಿಸಿದ್ದೀವಿ, ನಾಳೆ ಬರ್ತಾಳೆ. ಮಲಗಿ."

ಅಜ್ಜ ಮಲಗಿದಲ್ಲೇ, ಯಾವ ನೋವೂ ಇಲ್ಲದ ದನಿಯಲ್ಲಿ ಹೇಳಿದ: "ಅವತ್ತು ನೀನು ಅಂದಿದ್ದು ಕೇಳಿಸ್ತು ಕಣಪ್ಪ ನಂಗೆ. ಯಂತ್ರದ ಸದ್ದಿನ ಕೆಳಗಿನ ಮಾತೂ ಕೇಳಿಸುತ್ತೆ ನನ್ನ ಕಿವಿಗೆ. ತಪ್ಪೇನಿಲ್ಲ ಬಿಡು. ನಿನ್ನ ಜಾಗದಲ್ಲಿದ್ರೆ ನಾನೂ ಹಾಗೇ ಅಂತಿದ್ನೇನೋ."

ತಮ್ಮನಿಗೆ ಬೈಸಿಕೊಳ್ಳುವುದು ಇದಕ್ಕಿಂತ ಸುಲಭವಾಗಿರುತ್ತಿತ್ತು. ಅಜ್ಜನ ಕಾಲ ಬಳಿ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದ. ಸರಿಯಾಗಿದ್ದುದನ್ನೇ ಮತ್ತೆ ಸರಿಮಾಡಿದ. ಅಜ್ಜ ಅಷ್ಟರಲ್ಲಿ ಮತ್ತೆ ನಿದ್ದೆಗೆ ಜಾರಿದ್ದ.

ನರ್ಸ್ ಒಂದು ಕಾಗದ ತಂದು ಕೊಟ್ಟಳು. "ರೋಗಿ ಜೊತೆ ಇರೋರು ಇಲ್ಲಿ ಸಹಿ ಮಾಡಿ. ಪಕ್ಕದಲ್ಲಿ, ನೀವು ಅವರಿಗೆ ಏನಾಗಬೇಕು ಅಂತ ಬರೀರಿ."

ಅವನು ಸಹಿ ಮಾಡಿದ. ಪಕ್ಕದ ಖಾಲಿ ಜಾಗದಲ್ಲಿ 'ಯಜಮಾನ' ಎಂದು ಬರೆಯಲು ಹೋಗಿ, ಮೊದಲ ಅಕ್ಷರಕ್ಕೇ ನಿಂತ. ಅದನ್ನು ಹೊಡೆದುಹಾಕಿದ. ಮಲಗಿದವನ ಎದೆ ಏರಿ ಇಳಿಯುವುದನ್ನು ಒಮ್ಮೆ ನೋಡಿ, 'ಜೊತೆಯಲ್ಲಿ ಕೆಲಸ ಮಾಡುವವನು' ಎಂದು ಬರೆದುಕೊಟ್ಟ.